ಗಂಗಕ್ಕನ ಅಂಗುಳು

ನಾನು ಬಾಯಿ ನೋಡುವವನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ, ಈ ನಾಲ್ಕು ಸಂತೆಗಳಲ್ಲಿ ‘ಬಾಯಿ ನೋಡೋ ಕಾಟಲಿಂಗಪ್ಪ ಬಂದ’ ಎಂದರೆ ಮಲಗಿದ್ದ ಕುರಿಗಳೂ ಎದ್ದು ನಿಲ್ಲುತ್ತಿದ್ದವು. ನಂಬದಿದ್ದರೆ ಬಿಡಿ, ಕುರಿಗಳಿಗೆ ಗೊತ್ತು. ಟಗರು ಕೊಳ್ಳಲು ಬಂದವರು ಮೊದಲು ನನ್ನನ್ನು ಹುಡುಕಿ, ಚಹಾ ಕುಡಿಸಿ, ಆಮೇಲೆ ಟಗರಿನ ಹತ್ತಿರ ಕರೆದೊಯ್ಯುತ್ತಿದ್ದರು. ನಾನು ಎಡಗೈಯಲ್ಲಿ ಕೊಂಬು ಹಿಡಿದು, ಬಲಗೈ ಹೆಬ್ಬೆರಳನ್ನು ದವಡೆಯ ಹಲ್ಲಿಲ್ಲದ ಸಂದಿಗೆ ತೂರಿಸಿ, ಬಾಯಿ ಅಗಲಿಸಿ ಬಿಸಿಲಿಗೆ ಹಿಡಿಯುತ್ತಿದ್ದೆ. ಬೇರೆಯವರು ಹಲ್ಲು ಎಣಿಸುತ್ತಾರೆ. ಹಲ್ಲು ಎಣಿಸುವುದು ಯಾರಿಗೆ ಬರುವುದಿಲ್ಲ? ನಾನು ನೋಡುತ್ತಿದ್ದದ್ದು ಅಂಗುಳನ್ನು, ನಾಲಿಗೆಯ ಅಡಿಯನ್ನು. ಟಗರಿನ ಮೈ ಎಷ್ಟೇ ಬೆಳ್ಳಗಿರಲಿ, ಅಂಗುಳಿನಲ್ಲಿ ಕರಿ ಮಚ್ಚೆ ಇತ್ತೆಂದರೆ ಅದಕ್ಕೆ ಹುಟ್ಟುವ ಮರಿಗಳು ಕರಿಯವೇ ಎಂಬುದು ನಮ್ಮಪ್ಪ ನನಗೆ ಕೊಟ್ಟ ವಿದ್ಯೆ. ಕರಿ ಉಣ್ಣೆಗೆ ಬಣ್ಣ ಹಾಕುವ ಕೆಲಸವಿಲ್ಲ, ಕಂಬಳಿ ನೇಯುವವರು ಮುಗಿಬಿದ್ದು ಒಯ್ಯುತ್ತಾರೆ. ಆದ್ದರಿಂದ ಕರಿ ಅಂಗುಳಿನ ಟಗರು ಎಂದರೆ ನಮ್ಮ ಕಡೆ ರಾಜ. ಆ ರಾಜನನ್ನು ಗುರುತು ಹಿಡಿಯುವವನು ನಾನು.

ಹೀಗೆ ನಲವತ್ತು ಸಾವಿರ ಬಾಯಿಗಳನ್ನು ನೋಡಿದ್ದೇನೆ. ನನ್ನ ಹೆಂಡತಿ ಹೊನ್ನಕ್ಕ ನಾಲ್ಕು ಸಾವಿರ ಇರಬಹುದು ಎನ್ನುತ್ತಾಳೆ. ಅವಳು ಯಾವಾಗಲೂ ಒಂದು ಸೊನ್ನೆ ಕಳೆಯುವ ಹೆಂಗಸು.

ಹರಿಯಬ್ಬೆಯಿಂದ ಎರಡು ಮೈಲಿ ದೂರದಲ್ಲಿ, ಸುತ್ತ ಮುಳ್ಳಿನ ಬೇಲಿ ಕಟ್ಟಿದ ನಮ್ಮ ಹಟ್ಟಿ. ಮನೆಯಲ್ಲಿ ನಾನು, ಹೊನ್ನಕ್ಕ, ನನ್ನ ಅಕ್ಕ ಗಂಗಕ್ಕ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ಹಾವು ಕಚ್ಚಿ ಸತ್ತಾಗ ಅವಳಿಗೆ ಇಪ್ಪತ್ತೆರಡು. ತವರಿಗೆ ಬಂದವಳು ತಾಯಿಯಿಲ್ಲದ ನನ್ನನ್ನು ಸಾಕಿದಳು, ಇಪ್ಪತ್ತು ವರ್ಷ ನಮ್ಮ ಕುರಿ ಕಾದಳು. ಜೋರು ಹೆಂಗಸಲ್ಲ, ಪೆದ್ದಿಯೂ ಅಲ್ಲ. ಎಲ್ಲವನ್ನೂ ನೋಡುತ್ತಿದ್ದಳು, ನೋಡಿದ್ದನ್ನು ಒಂದೇ ಸಲ, ಮೆಲ್ಲಗೆ ಹೇಳುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಹಟ್ಟಿಯ ಬಾವಿ ನೀರಿಗೆ ಬೇರೆ ವಾಸನೆ ಬಂದಿದೆ, ಕುಡಿಯಬೇಡಿ ಎಂದಳು. ಹಟ್ಟಿಗೆ ಹಟ್ಟಿಯೇ ಕುಡಿದು, ವಾಂತಿ ಭೇದಿಯಿಂದ ಮೂರು ದಿನ ಸೊಂಟ ಎತ್ತಲಿಲ್ಲ. ಎದ್ದ ಮೇಲೂ ‘ಗಂಗಕ್ಕ ಹೇಳಿದ್ದಳಲ್ಲ’ ಎಂದು ಒಬ್ಬನೂ ಅನ್ನಲಿಲ್ಲ. ಗಂಡನಿಲ್ಲದವಳ ಮಾತು ಗೋಡೆಗೆ ಬಿದ್ದು ಅಲ್ಲೇ ಒಣಗುತ್ತಿತ್ತು. ನಾನು ಕೇಳುತ್ತಿದ್ದೆನೇ ಎಂದು ಕೇಳಬೇಡಿ. ಮನೆಯಲ್ಲಿ ಮಾತಾಡುವ ಗುತ್ತಿಗೆ ನನ್ನದಾಗಿತ್ತು.

ಎಪ್ಪತ್ತಾರನೇ ಇಸವಿ, ಕಡ್ಲೆಕಾಯಿ ಕೀಳುವ ಕಾಲ. ಒಂದು ಬೆಳಗ್ಗೆ ಅಕ್ಕ ರೊಟ್ಟಿ ತಿನ್ನುತ್ತಿದ್ದವಳು ಅರ್ಧಕ್ಕೇ ತಟ್ಟೆ ಕೆಳಗಿಟ್ಟಳು.

“ಲೇ ಕಾಟ, ಅಂಗುಳಾಗೆ ಏನೋ ಐತೆ ಕಣೋ. ನಾಲಿಗೆಗೆ ಸಿಗ್ತೈತೆ. ಮೇಲಿನ ಹಲ್ಲೊಂದು ಅಳ್ಳಾಡ್ತೈತೆ. ನೋಡು ಬಾ.”

ನಾನು ಅವಳನ್ನು ಅಂಗಳದ ಬಿಸಿಲಿಗೆ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಟಗರಿಗೆ ಹಾಕುವ ಹಾಗೆಯೇ ಹೆಬ್ಬೆರಳು ಹಾಕಿ ಬಾಯಿ ತೆರೆಸಿದೆ.

“ಅಕ್ಕನ್ನೂ ಸಂತೆಗೆ ಹೊಡಕೊಂಡು ಹೋಗ್ತೀಯೇನು?” ಎಂದಳು ಹೊನ್ನಕ್ಕ ಒಳಗಿಂದ.

ಅಂಗುಳಿನ ಬಲಕ್ಕೆ, ಹಲ್ಲಿನ ಬುಡದ ಹತ್ತಿರ, ಒಂದು ಮಚ್ಚೆ. ಹುರುಳಿಕಾಳಿನಷ್ಟು. ನೀಲಿ ಬೆರೆತ ಕಪ್ಪು. ನನ್ನ ಜನ್ಮದಲ್ಲಿ ಅಂಥ ಬಣ್ಣ ನೋಡಿರಲಿಲ್ಲ; ಜಂಬುನೇರಳೆಯೂ ಅದರ ಮುಂದೆ ಬಿಳಿಚಿಕೊಳ್ಳಬೇಕು. ನನಗೆ ಮೈ ಜುಂ ಎಂದಿತು. ಹೆದರಿಕೆಯಿಂದಲ್ಲ. ಹೆಮ್ಮೆಯಿಂದ.

“ಅಕ್ಕಾ!” ಎಂದು ಕಿರುಚಿದೆ. “ನಿನ್ನ ಬಾಯಾಗೆ ದೇವರು ಮುದ್ರೆ ಒತ್ಯಾನೆ! ನಾಲಿಗೆ ಮ್ಯಾಲೆ ಮಚ್ಚೆ ಇದ್ರೇನೇ ಆಡಿದ ಮಾತು ನಡೀತೈತೆ ಅಂತಾರೆ. ನಿಂದು ಅಂಗುಳಾಗೆ ಐತೆ, ನಾಲಿಗೆಗಿಂತ ಮ್ಯಾಲೆ!”

“ಹಲ್ಲು ಅಳ್ಳಾಡ್ತೈತೆ ಅಂದ್ನಪ್ಪ ನಾನು,” ಎಂದಳು ಅಕ್ಕ.

ಹಲ್ಲಿನ ಮಾತು ಯಾರಿಗೆ ಬೇಕಿತ್ತು? ನಾನಾಗಲೇ ಬೇಲಿ ದಾಟಿದ್ದೆ. ಸಂಜೆಯ ಹೊತ್ತಿಗೆ ಹುರುಳಿಕಾಳು ಹುಣಸೆಬೀಜವಾಗಿತ್ತು, ಮಾರನೆಯ ದಿನ ಹಿರಿಯೂರು ಸಂತೆಯಲ್ಲಿ ಶಂಖದ ಆಕಾರ ತಾಳಿತ್ತು.

ಮಾತು ಹಾರಿಬಿಟ್ಟರೆ ಸಾಲದು, ಅದಕ್ಕೊಂದು ಕಾಲು ಬೇಕು. ಆ ಕಾಲನ್ನು ಕೊಟ್ಟವನು ಉಗ್ರಪ್ಪ. ನಮ್ಮ ಹಟ್ಟಿಯ ಹಿರಿಯ, ಮೂರು ಸಾವಿರ ಕುರಿಯ ಒಡೆಯ (ಹೊನ್ನಕ್ಕನ ಪ್ರಕಾರ ಮುನ್ನೂರು). ನಾನೇ ಆರಿಸಿಕೊಟ್ಟ ಅವನ ಕರಿ ಅಂಗುಳಿನ ಟಗರು ಕಳೆದುಹೋಯಿತು. ಉಗ್ರಪ್ಪ ಹುಚ್ಚನಂತೆ ಗುಡ್ಡವೆಲ್ಲ ಅಲೆದು ನಮ್ಮ ಜಗಲಿಯ ಮೇಲೆ ಬಂದು ಕುಸಿದ. ಅಕ್ಕ ನೀರು ತಂದುಕೊಟ್ಟು, “ಎಲ್ಲಿಗೆ ಹೋಗ್ತೈತೆ? ಭಾನುವಾರದೊತ್ತಿಗೆ ಬರ್ತೈತೆ ಬಿಡಪ್ಪ,” ಎಂದಳು. ಬೆದೆಗೆ ಬಂದ ಕುರಿಮಂದೆಯೊಂದು ಕಣಿವೆಯ ಕಡೆ ಹೋಗಿದ್ದನ್ನು, ಆ ಮಂದೆ ಭಾನುವಾರ ಹಿಂದಿರುಗುತ್ತದೆ, ಟಗರು ಅದರ ಹಿಂದೆಯೇ ಇರುತ್ತದೆ ಎನ್ನುವುದನ್ನು ಅವಳು ಬಲ್ಲವಳಾಗಿದ್ದಳು. ಅದನ್ನು ಹೇಳಲು ಬಾಯಿ ತೆರೆದಳು ಕೂಡ. ನಾನು ನಡುವೆ ಬಾಯಿ ಹಾಕಿ, “ಕೇಳ್ದೇನಪ್ಪ ಉಗ್ರಪ್ಪ? ಭಾನುವಾರ. ಬರ್ದಿಟ್ಕೊ,” ಎಂದೆ.

ಭಾನುವಾರ ಟಗರು ಬಂತು. ನಾನು ಸಂತೆಯಲ್ಲಿ ಹೇಳುವಾಗ ಅದು ಎರಡು ಹೆಣ್ಣು ಕುರಿಗಳನ್ನು ಹಿಂದಿಟ್ಟುಕೊಂಡು, ನೇರ ನಮ್ಮ ಜಗಲಿಗೆ ಬಂದು, ಅಕ್ಕನ ಮುಂದೆ ಮುಂಗಾಲು ಮಡಚಿತು.

ಅಲ್ಲಿಂದ ಜನ ಬರತೊಡಗಿದರು. ಹರಿಯಬ್ಬೆಯಿಂದ, ಹೊರಕೆರೆದೇವಪುರದಿಂದ, ಭೀಮಸಮುದ್ರದ ಅಡಿಕೆ ಮನೆಗಳ ಹೆಂಗಸರು ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು. ಬೆಲ್ಲ ತರುವವರು, ಕಾಯಿ ತರುವವರು, ಒಬ್ಬಳಂತೂ ಹಸಿರು ಇಳಕಲ್ ಸೀರೆ ತಂದಳು. ನಾನು ಬಾಗಿಲಲ್ಲಿ ನಿಂತು, “ಬರ್ರಿ, ಕುಂತ್ಕಳ್ರಿ, ಒಬ್ಬೊಬ್ರೇ ಕೇಳ್ರಿ. ಅಕ್ಕ ಎರಡು ಸಲ ಹೇಳಲ್ಲ,” ಎನ್ನುತ್ತಿದ್ದೆ. ಅವಳು ಎಂದೂ ಎರಡು ಸಲ ಹೇಳಿದವಳೇ ಅಲ್ಲ. ಇಷ್ಟು ದಿನ ಅದೇ ಅವಳ ದೌರ್ಭಾಗ್ಯವಾಗಿತ್ತು, ಈಗ ಅದೇ ಮಹಿಮೆಯಾಯಿತು.

ಅಕ್ಕ ಮೊದಲ ಒಂದು ವಾರ ನಾಚಿದಳು. ಆಮೇಲೆ ಬೆನ್ನು ನೆಟ್ಟಗಾಯಿತು. ಹೇಳುತ್ತಿದ್ದದ್ದು ಹಳೆಯ ಮಾತುಗಳೇ: ಆ ಎಮ್ಮೆಗೆ ಹಸಿ ಜೋಳದ ಸೊಪ್ಪು ಹಾಕಬೇಡ, ಈ ಬಾಣಂತಿಯನ್ನು ನೆಲದ ಮೇಲೆ ಮಲಗಿಸಬೇಡ, ಅತ್ತೆ ಜೊತೆ ಜಗಳ ಆಡುವ ಬದಲು ಒಲೆ ಬೇರೆ ಹೂಡು. ಈಗ ಜನ ಅವನ್ನು ತಲೆಯ ಮೇಲೆ ಹೊತ್ತು ಒಯ್ದು ಹಾಗೆಯೇ ಮಾಡುತ್ತಿದ್ದರು, ಮಾಡಿದ್ದರಿಂದ ಒಳ್ಳೆಯದಾಗುತ್ತಿತ್ತು, ಒಳ್ಳೆಯದಾದದ್ದು ಅಂಗುಳಿನ ಲೆಕ್ಕಕ್ಕೆ ಹೋಗುತ್ತಿತ್ತು.

ಉಗ್ರಪ್ಪನ ಮಗಳು ಓಬವ್ವ, ಹದಿನೇಳರ ಹುಡುಗಿ. ಹೊಸದುರ್ಗದ ಕಡೆ ಗಂಡು ಗೊತ್ತಾಗಿತ್ತು. ವೀಳ್ಯದ ದಿನ ಅಕ್ಕನನ್ನೂ ಕರೆದರು. ಹಿಂದೆಲ್ಲ ಶುಭಕಾರ್ಯಕ್ಕೆ ವಿಧವೆಯನ್ನು ಹಿತ್ತಿಲಲ್ಲಿ ಕೂರಿಸುತ್ತಿದ್ದ ಜನ ಅಂದು ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಅಕ್ಕ ಗಂಡನ್ನು ಒಂದು ಗಳಿಗೆ ನೋಡಿ, “ಬ್ಯಾಡ ಉಗ್ರಪ್ಪ,” ಎಂದಳು. ಉಗ್ರಪ್ಪ ಆ ಕ್ಷಣವೇ ತಟ್ಟೆ ಹಿಂದಕ್ಕೆ ತಳ್ಳಿದ. ಗಂಡಿನ ಕಡೆಯವರು ಬಯ್ದುಕೊಂಡು ಹೋದರು. ಇಪ್ಪತ್ತು ದಿನಕ್ಕೆ ಆ ಹುಡುಗ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಬಿದ್ದು, ಪಂಚೆಯಿಲ್ಲದೆ ಎಲ್ಲರಿಗೂ ದರ್ಶನ ಕೊಟ್ಟ. ನಾನು ಮನೆಯಲ್ಲಿ ಅಕ್ಕನನ್ನು ಕೇಳಿದೆ, “ಎಂಗೆ ಗೊತ್ತಾಯ್ತಕ್ಕ?”

“ಬೆಳಗ್ಗೆ ಒಂಬತ್ತಕ್ಕೆ ಎಲೆ ಮಡಚೋ ಕೈ ನಡುಗ್ತಿತ್ತಲ್ಲೋ. ನಿನಗೆ ಕಣ್ಣಿಲ್ವಾ?”

ನನಗೆ ಕಣ್ಣಿತ್ತು. ಪ್ರತಿ ಅಮಾವಾಸ್ಯೆ ಅಕ್ಕನನ್ನು ಬಿಸಿಲಿಗೆ ಕೂರಿಸಿ, ಜನರ ಮುಂದೆಯೇ ಹೆಬ್ಬೆರಳು ಹಾಕಿ ಬಾಯಿ ತೆರೆಸುತ್ತಿದ್ದೆ. ಹುರುಳಿಕಾಳು ನಿಜವಾಗಿಯೂ ಹುಣಸೆಬೀಜವಾಗಿತ್ತು. ಸಂಕ್ರಾಂತಿಗೆ ಎಂಟಾಣೆ ಬಿಲ್ಲೆಗೆ ಹತ್ತಿರವಾಯಿತು. ಅಂಚು ಹರಿದ ಕಂಬಳಿಯ ಹಾಗೆ ಎತ್ತಲೋ ಚಾಚಿಕೊಂಡಿತು. ಒಂದು ಕಡೆ ಉಬ್ಬಿತು. ನನ್ನ ಸುಳ್ಳು ಮುಂದೆ ಓಡುತ್ತಿತ್ತು, ಮಚ್ಚೆ ಅದನ್ನು ಹಿಂದಿನಿಂದ ಬಂದು ಹಿಡಿಯುತ್ತಿತ್ತು. “ಶಕ್ತಿ ಬೆಳೀತೈತೆ ಕಣ್ರಪ್ಪೋ!” ಎಂದು ನಾನು ಸಾರುತ್ತಿದ್ದೆ. ಜನ ಕೈ ಮುಗಿಯುತ್ತಿದ್ದರು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನಲವತ್ತು ಸಾವಿರವಾಗಲಿ, ನಾಲ್ಕು ಸಾವಿರವಾಗಲಿ, ನಾನು ನೋಡಿದ ಬಾಯಿಗಳಲ್ಲಿ ಒಂದರಲ್ಲೂ ಮಚ್ಚೆ ಬೆಳೆದದ್ದಿಲ್ಲ. ಟಗರಿಗೆ ಹಲ್ಲು ಕೂಡಿ ಪೂರ್ತಿ ಬೆಳೆದ ಮೇಲೆ ಆ ಮಚ್ಚೆ ಅದು ಸಾಯುವವರೆಗೂ ಎಳ್ಳಷ್ಟೂ ಮಿಸುಕುವುದಿಲ್ಲ. ಹುಟ್ಟಿನ ಗುರುತೆಂದರೆ ಇದ್ದಲ್ಲೇ ಇರುವುದು. ಇದು ನಮ್ಮಪ್ಪ ಕಲಿಸಿದ ಮೊದಲ ಪಾಠ, ಯಾಕೆಂದರೆ ಮೋಸಗಾರರು ಟಗರಿನ ಅಂಗುಳಿಗೆ ಕರಿ ಬಳಿದು ತರುತ್ತಾರೆ, ವಾರ ಬಿಟ್ಟು ನೋಡಿದರೆ ಬಳಿದದ್ದು ಬದಲಾಗಿರುತ್ತದೆ. ಬದಲಾಗುವ ಮಚ್ಚೆಯನ್ನು ನಂಬಬೇಡ. ಇದು ನನಗೆ ನನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕೂತಿದ್ದೆ.

ಶಿವರಾತ್ರಿ ಕಳೆದ ಮೇಲೆ ಆ ಅಳ್ಳಾಡುವ ಹಲ್ಲು ತಾನಾಗಿ ಬಿತ್ತು. ನೋವಿಲ್ಲದೆ, ರೊಟ್ಟಿಯ ಜೊತೆ. ಆ ಜಾಗದಿಂದ ರಕ್ತ ಒಸರತೊಡಗಿತು. ಉಗ್ರಪ್ಪನಿಗೆ ಗಾಬರಿ, ಊರ ಭವಿಷ್ಯವೇ ಒಸರಿ ಹೋಗುತ್ತಿದೆಯೆಂಬ ಗಾಬರಿ. “ದುರ್ಗದಾಗೆ ಹಲ್ಲಿನ ಡಾಕ್ಟ್ರು ಅವ್ರೆ. ತೋರಿಸ್ಕೊಂಡು ಬರಾಣ ನಡೀರಿ,” ಎಂದು ತಾನೇ ಹೊರಟ. ನಾವು ಮೂವರೂ ಬೆಳಗಿನ ಬಸ್ಸಿಗೆ ದುರ್ಗ ಸೇರಿದೆವು.

ಡಾಕ್ಟರ್ ರೇವಣಸಿದ್ದಪ್ಪನವರದು ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದೇ ಕೋಣೆಯ ದವಾಖಾನೆ. ಹಲ್ಲು ಕೊರೆಯಲು ಕಾಲಲ್ಲಿ ತುಳಿಯುವ, ಹೊಲಿಗೆ ಯಂತ್ರದಂಥದೊಂದು ಯಂತ್ರ. ಇನ್ನೂ ಮೂವತ್ತು ದಾಟದ ಮನುಷ್ಯ. ಅಕ್ಕನ ಬಾಯಿಯೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿದವರು ನೋಡುತ್ತಲೇ ಇದ್ದರು. ಕುತ್ತಿಗೆಯ ಎರಡೂ ಕಡೆ ಬೆರಳಿಂದ ಒತ್ತಿ ನೋಡಿದರು. ಆಮೇಲೆ ಕೈ ತೊಳೆದು ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತರು.

“ಅಮ್ಮಾ, ಬಾಯಲ್ಲಿ ಕಪ್ಪು ಇರೋದೆಲ್ಲ ಕೆಟ್ಟದ್ದಲ್ಲ. ನಮ್ಮ ಜನಕ್ಕೆ ಎಷ್ಟೋ ಮಂದಿಗೆ ಹುಟ್ಟಿನಿಂದಲೇ ವಸಡು ಕಪ್ಪಗಿರುತ್ತೆ. ಬೀಡಿ ಸೇದೋರಿಗೆ ಬರುತ್ತೆ, ಹೊಗೆಸೊಪ್ಪು ತಿನ್ನೋರಿಗೆ ಬರುತ್ತೆ. ಹಲ್ಲಿಗೆ ಲೋಹ ತುಂಬಿಸಿದ್ರೆ ಪಕ್ಕದಲ್ಲಿ ನೀಲಿ ಕಲೆ ಕೂರುತ್ತೆ. ಅದಕ್ಕೆಲ್ಲ ಹೆದರಬೇಕಾಗಿಲ್ಲ. ನಾನು ಕೇಳೋದು ಒಂದೇ. ಇದು ಹುಟ್ಟಿನಿಂದ ಹೀಗೇ ಇತ್ತಾ, ಇಲ್ಲ ಈಚೆಗೆ ಬಂದು ದೊಡ್ಡದಾಗ್ತಾ ಇದೆಯಾ?”

ಅಕ್ಕ ನನ್ನ ಕಡೆ ಕೈ ಮಾಡಿದಳು. “ಅವನ್ನ ಕೇಳ್ರಿ ಸ್ವಾಮಿ. ನನ್ನ ಬಾಯಿ ನನಗೆ ಕಾಣಲ್ಲ. ಅವನು ನೋಡ್ಯಾನೆ.”

ಉಗ್ರಪ್ಪ ಎದೆಯುಬ್ಬಿಸಿ, “ಈಯಪ್ಪ ನಲವತ್ತು ಸಾವಿರ ಬಾಯಿ ನೋಡ್ಯಾನೆ ಡಾಕ್ಟ್ರೇ. ನಿಮಗಿಂತ ಜಾಸ್ತಿ,” ಎಂದ.

ಡಾಕ್ಟರು ನಗಲಿಲ್ಲ. “ಕುರಿ ಬಾಯಿ ತಾನೆ? ಒಳ್ಳೇದೇ ಆಯ್ತು,” ಎಂದು ನನ್ನತ್ತ ತಿರುಗಿದರು. “ನೀವು ತಿಳಿದೋರು, ನೀವೇ ಹೇಳಿ. ದೊಡ್ಡ ಟಗರಿನ ಬಾಯಲ್ಲಿ ಹುಟ್ಟಿದ ಮಚ್ಚೆ ಆಮೇಲೆ ಬೆಳೆಯುತ್ತಾ?”

ಎಂಥ ಪ್ರಶ್ನೆ ನೋಡಿ! ಜೀವಮಾನವಿಡೀ ನನ್ನನ್ನು ಒಬ್ಬ ಓದಿದವನು ‘ನೀವು ತಿಳಿದೋರು’ ಎನ್ನಲಿ ಎಂದು ಕಾದಿದ್ದೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು: ಬೆಳೆಯುವುದಿಲ್ಲ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಉಗ್ರಪ್ಪ ಕೂತಿದ್ದ. ಬೆಳೆಯುವುದಿಲ್ಲ ಎಂದರೆ ಇದು ದೇವರ ಮುದ್ರೆಯಲ್ಲ. ದೇವರ ಮುದ್ರೆಯಲ್ಲವೆಂದರೆ ನಾನು ನಾಲ್ಕು ಸಂತೆಗೆ ಸುಳ್ಳುಗಾರ. ಸುಳ್ಳುಗಾರ ಆರಿಸಿಕೊಟ್ಟ ಟಗರನ್ನು ಯಾರು ಕೊಳ್ಳುತ್ತಾರೆ? ಇಷ್ಟೂ ನನ್ನ ತಲೆಯಲ್ಲಿ ಒಂದು ಉಸಿರಿನಲ್ಲಿ ಓಡಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬೆಳೀತೈತೆ ಸ್ವಾಮಿ,” ಎಂದೆ. “ಒಳ್ಳೇ ಜಾತಿದಾದ್ರೆ ಇದರ ಎರಡರಷ್ಟು ಬೆಳೀತೈತೆ.”

ಡಾಕ್ಟರು ಮೇಜಿನ ಮೇಲಿನ ಕಾಗದ ಎಳೆದುಕೊಂಡರು. “ಕುರಿ ವಿಷಯ ನಂಗೆ ಗೊತ್ತಿಲ್ಲ. ಮನುಷ್ಯರ ಬಾಯಲ್ಲಿ ಬೆಳೆಯೋದು ಒಳ್ಳೇದಲ್ಲ,” ಎಂದು ಒಂದು ಚೀಟಿ ಬರೆದರು. “ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಈ ವಾರವೇ ಹೋಗಿ. ಒಂದು ಚೂರು ಕತ್ತರಿಸಿ ನೋಡ್ತಾರೆ. ಬೇಗ ಹೋದ್ರೆ ಅಂಗುಳನ್ನಷ್ಟೇ ತೆಗೆದು ಜೀವ ಉಳಿಸಬಹುದು. ತಡ ಮಾಡಿದ್ರೆ ನಾನೇನೂ ಹೇಳಲಾರೆ.”

“ಕತ್ತರಿಸ್ತಾರಂತೆ!” ಎಂದ ಉಗ್ರಪ್ಪ ಬೀದಿಗೆ ಬಂದ ಮೇಲೆ. “ದೇವರ ಮುದ್ರೇನ ಕತ್ತರಿಸ್ತಾರಂತೆ ಕಣಲೇ! ಗಂಗಕ್ಕ, ನೀನೇನಂತೀಯ?”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮತ್ತೊಮ್ಮೆ ನನ್ನನ್ನು ನೋಡಿದಳು. ನಾನು ಬಸ್ಸು ಎಷ್ಟೊತ್ತಿಗೆ ಎಂದು ಅಂಗಡಿಯವನನ್ನು ಕೇಳಲು ಹೋದೆ.

“ಹಟ್ಟಿಗೆ ಹೋಗಾಣ ನಡೀರಿ,” ಎಂದಳು ಅಕ್ಕ.

ಚೀಟಿಯನ್ನು ಹೊನ್ನಕ್ಕ ಎರಡು ಸಲ ನನ್ನ ಮುಂದೆ ಹಿಡಿದಳು. “ಓದಿದೋನು ಬರ್ದು ಕೊಟ್ಟವ್ನೆ. ಹೋದ್ರೆ ನಿನ್ನ ಗಂಟೇನು ಹೋಗ್ತೈತೆ?” ಎಂದಳು. “ನೀನು ಸುಮ್ಕಿರೆ, ಬಾಯಿ ವಿಷ್ಯ ನನಗೆ ಹೇಳ್ತೀಯ?” ಎಂದೆ. ಅವಳು ಅಕ್ಕನಿಗೆ ಹೇಳಿದಳು. ಅಕ್ಕ, “ನೋಡಾಣ,” ಎಂದಳು ಅಷ್ಟೆ. ಯುಗಾದಿ ಬಂತು, ಹೋಯಿತು. ಜನ ಇನ್ನೂ ಹೆಚ್ಚಾದರು. ರಕ್ತ ಬರುವ ಬಾಯಿಯ ಮಾತು ಎಂದರೆ ಅದಕ್ಕೆ ಬೇರೆಯೇ ಬೆಲೆ.

ಮುಂಗಾರಿನ ಹೊತ್ತಿಗೆ ಅಕ್ಕನ ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು ಕಂಡಿತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು. ಬಲಗೆನ್ನೆ ಊದಿತು. ಬಾಯಿಯ ಒಳಗೆ ಅಂಗುಳೆಂಬುದು ಕಾಣುತ್ತಿರಲಿಲ್ಲ, ಸುಟ್ಟ ಬದನೆಕಾಯಿಯಂಥದೊಂದು ಕೂತಿತ್ತು. ಆ ಅಮಾವಾಸ್ಯೆ ನಾನು ಅವಳನ್ನು ಬಿಸಿಲಿಗೆ ಕೂರಿಸಲಿಲ್ಲ. ರೊಟ್ಟಿ ಹೋಯಿತು, ಮುದ್ದೆ ಹೋಯಿತು, ಗಂಜಿ ಉಳಿಯಿತು. ಹೊನ್ನಕ್ಕ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ಇವತ್ತು ನೀನು ಬರದಿದ್ರೆ ನಾನೇ ಕರಕೊಂಡು ಹೋಗ್ತೀನಿ,” ಎಂದಾಗ ಹೊರಟೆ.

ಬೆಂಗಳೂರಿನಲ್ಲಿ ಒಂದು ಚೂರು ತೆಗೆದರು, ಎಂಟು ದಿನ ಕಾಯಿಸಿದರು, ಎದೆಯ ಫೋಟೋ ತೆಗೆದರು. ಕನ್ನಡಕದ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದು ಪುಪ್ಪುಸಕ್ಕೂ ಹೋಗಿದೆ, ಈಗ ಕತ್ತರಿಸಿ ಹಿಂಸೆ ಕೊಡುವುದರಲ್ಲಿ ಅರ್ಥವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ದುರ್ಗದ ಚೀಟಿಯ ತಾರೀಖು ನೋಡಿ, “ಆರು ತಿಂಗಳು ಏನು ಮಾಡ್ತಿದ್ರಿ?” ಎಂದರು. ನನ್ನ ಬಳಿ ನಾಲ್ಕು ಸಂತೆಗೆ ಸಾಕಾಗುವಷ್ಟು ಮಾತಿತ್ತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ.

ಹಿಂದಿರುಗುವ ಬಸ್ಸು ಶಿರಾ ದಾಟಿತ್ತು. ಅಕ್ಕ ಕಿಟಕಿಯ ಪಕ್ಕ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಹೊರಗೆ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು, ಬಸ್ಸು ನಿಂತಿತು. ನನಗೆ ಅದೇನಾಯಿತೋ, ಕಿವಿಯ ಹತ್ತಿರ ಬಾಗಿ ಹೇಳಿಬಿಟ್ಟೆ.

“ಅಕ್ಕ. ಟಗರಿನ ಬಾಯಾಗೆ ಮಚ್ಚೆ ಬೆಳೆಯಲ್ಲ ಕಣಕ್ಕ. ಅವತ್ತು ಡಾಕ್ಟ್ರತ್ರ ಸುಳ್ಳು ಹೇಳ್ದೆ.”

ಅವಳು ಕುರಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಬಟ್ಟೆಯ ಹಿಂದಿನಿಂದ, ತೊದಲುವ ದನಿಯಲ್ಲಿ, ಪ್ರತಿ ಮಾತಿಗೂ ನಡುವೆ ಉಗುಳು ನುಂಗುತ್ತ ಹೇಳಿದಳು.

“ಗೊತ್ತು. ಇಪ್ಪತ್ತು ವರ್ಸ ಕುರಿ ಕಾದೋಳು ನಾನು. ನಿನಗೆ ಗೊತ್ತಿರೋದು ನನಗೆ ಗೊತ್ತಿಲ್ಲ ಅನ್ಕಂಡ್ಯಾ?”

“ಮತ್ಯಾಕೆ ಸುಮ್ಕಿದ್ದೆ? ಅವತ್ತೇ ಬೆಂಗ್ಳೂರಿಗೆ ಹೋಗಾಣ ಅನ್ನಬೇಕಿತ್ತು!”

“ನಿನ್ನ ಬಾಯಿಂದ ಬರ್ಲಿ ಅಂತ ನೋಡ್ದೆ. ಬೆಳೆಯಲ್ಲ ಅಂತ ನೀನಂದ್ರೆ ಹೋಗ್ತಿದ್ದೆ. ಬೆಳೀತೈತೆ ಅಂದೆ.” ಕುರಿಗಳು ದಾಟಿದವು, ಬಸ್ಸು ಹೊರಟಿತು. ಹಿರಿಯೂರಿನ ಗುಡ್ಡಗಳು ಕಂಡಾಗ ಅವಳು ಬಾಯಿಯ ಬಟ್ಟೆ ಸರಿಮಾಡಿಕೊಂಡಳು. ಆಮೇಲೆ, “ನನ್ನ ತಪ್ಪೂ ಹೇಳ್ತೀನಿ ತಡಿ,” ಎಂದಳು. “ಜನ ಬಂದು ಕುಂತ್ಕಂತಿದ್ರಲ್ಲ, ಅದು ಸೇದ್ಕಂತು ಕಣೋ ನನ್ನ. ಹೋದ್ರೆ ಕತ್ತರಿಸ್ತಾರೆ, ಕತ್ತರಿಸಿದ್ರೆ ಮತ್ತೆ ಹಿತ್ತಿಲಾಗೆ ಕುಂತ್ಕಬೇಕು. ಇವತ್ತು ಹೋಗಾಣ, ನಾಳೆ ಹೋಗಾಣ ಅಂತಿದ್ದೆ. ನೀನು ಒಂದು ತಳ್ಳು ತಳ್ಳಿದ್ರೆ ಹೋಗ್ತಿದ್ದೆ.”

ಹಟ್ಟಿ ಸೇರಿದ ಸಂಜೆಯೇ ಜನ ಕೂಡಿದರು. ಉಗ್ರಪ್ಪ ಮುಂದೆ, ಓಬವ್ವ ಅವನ ಹಿಂದೆ, ಬೇಲಿಯವರೆಗೂ ಹೆಂಗಸರು. ಉಗ್ರಪ್ಪ ಅಕ್ಕನ ಕಾಲ ಹತ್ತಿರ ಕೂತು ಅಳುತ್ತಿದ್ದ. ಅವನ ಅಳು ನಾಟಕವಲ್ಲ.

“ಗಂಗಕ್ಕ, ಊರಿಗೆಲ್ಲ ಹೇಳ್ದೋಳು ನಿನಗೆ ನೀನು ಹೇಳ್ಕಳವ್ವ. ವಾಸಿ ಆಗ್ತೀನಿ ಅಂತ ಒಂದು ಮಾತು ಅನ್ನು. ಆಗ್ತೈತೆ.”

ಅಕ್ಕ ನನ್ನ ಕಡೆ ನೋಡಿದಳು. ದುರ್ಗದಲ್ಲಿ ನೋಡಿದ ಹಾಗೆಯೇ. ಈ ಸಲ ನಾನು ಎದ್ದು ನಿಂತೆ.

“ಉಗ್ರಪ್ಪ, ಎಲ್ಲ ಕೇಳ್ರಿ. ಅದು ಮುದ್ರೆ ಅಲ್ಲ, ರೋಗ. ಹುಟ್ಟಿದ ಮಚ್ಚೆ ಬೆಳೆಯಲ್ಲ, ಯಾವ ಟಗರಿಗೂ ಬೆಳೆಯಲ್ಲ. ನನಗೆ ಗೊತ್ತಿತ್ತು. ನನ್ನ ಹೆಸರು ಕೆಡ್ತೈತೆ ಅಂತ ಸುಳ್ಳು ಹೇಳ್ದೆ. ಟಗರು ತಾನಾಗೇ ಬಂತು, ಆ ಗಂಡು ಕುಡುಕ ಅಂತ ಕಣ್ಣಿದ್ದೋರಿಗೆಲ್ಲ ಕಾಣ್ತಿತ್ತು. ಅಕ್ಕನ ಬುದ್ಧಿ ಅದು, ಅಂಗುಳಲ್ಲ. ನಾನು ಕೊಂದೆ ಇವಳನ್ನ.”

ನನ್ನ ಜನ್ಮದಲ್ಲಿ ಒಂದೂ ಸೊನ್ನೆ ಸೇರಿಸದೆ ಆಡಿದ ಮಾತು ಅದು. ಉಗ್ರಪ್ಪ ಎದ್ದು ನನ್ನ ಹೆಗಲು ಹಿಡಿದು ಕೂರಿಸಿದ.

“ದುಃಖಕ್ಕೆ ಏನೇನೋ ಅಂತಾನೆ, ಬಿಡ್ರಪ್ಪ. ಲೇ ಕಾಟಲಿಂಗ, ನಿನ್ನ ಸುಳ್ಳೆಲ್ಲ ಕೇಳೀವಿ ನಾವು. ಇದು ಮಾತ್ರ ಬಾಳ ದೊಡ್ಡದಾಯ್ತು.”

ಅಕ್ಕ ಬಾಯಿಯ ಬಟ್ಟೆ ಬಿಚ್ಚಿದಳು. ಹೆಂಗಸರು ಮುಖ ತಿರುಗಿಸಿದರು. “ಅವನು ಹೇಳಿದ್ದು ನಿಜ,” ಎಂದಳು. “ನನ್ನ ಮಾತು ನಡಿಯಲ್ಲ. ನಾನು ಸಾಯ್ತೀನಿ. ಇನ್ನಾರಿಗಾದ್ರೂ ಹಿಂಗಾದ್ರೆ ಡಾಕ್ಟ್ರತ್ರ ಹೋಗ್ರಿ.”

“ನೋಡಿದ್ರಾ!” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. “ತನ್ನ ಸಾವನ್ನೂ ಹೇಳ್ಬಿಟ್ಲು.” ಎಲ್ಲರೂ ಕೈ ಮುಗಿದರು. ಡಾಕ್ಟರ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅದು ಹಳೆಯ ಗಂಗಕ್ಕನ ಮಾತಿನ ಹಾಗೆ ಗೋಡೆಗೆ ಬಿತ್ತು.

ಹತ್ತೊಂಬತ್ತು ದಿನಕ್ಕೆ ಹೋದಳು. ಈ ಲೆಕ್ಕಕ್ಕೆ ಹೊನ್ನಕ್ಕನ ತಿದ್ದುಪಡಿಯಿಲ್ಲ. ಬೇಲಿಯ ಆಚೆ ಹೂತೆವು. ತಿಂಗಳಾಗುವುದರೊಳಗೆ ಅಲ್ಲೊಂದು ಕಲ್ಲು ನಿಂತಿತು, ಕಲ್ಲಿಗೆ ಎಣ್ಣೆ, ಎಣ್ಣೆಗೆ ಅರಿಶಿಣ. ಹೊಳಲ್ಕೆರೆ ಸಂತೆಯಲ್ಲಿ ಗುರುತಿಲ್ಲದವನೊಬ್ಬ ನನಗೇ ಅಕ್ಕನ ಕಥೆ ಹೇಳಿದ. ನಾನು ಹೇಳುತ್ತಿದ್ದದ್ದಕ್ಕಿಂತ ಚೆನ್ನಾಗಿತ್ತು.

ಟಗರಿನ ಬಾಯಿ ನೋಡುವುದನ್ನು ಬಿಟ್ಟೆ. ಈಗ ಮನುಷ್ಯರು ತೆರೆದುಕೊಂಡು ಬರುತ್ತಾರೆ. ವಸಡು ಕಪ್ಪಗಿದೆ, ತುಟಿಯ ಒಳಗೆ ಚುಕ್ಕೆಯಿದೆ, ನಮ್ಮ ಮನೆಗೂ ದೇವರ ಮುದ್ರೆ ಬಂತೇ ನೋಡು ಎನ್ನುತ್ತಾರೆ. ಎಲ್ಲರಿಗೂ ದುರ್ಗದ ಬಸ್ಸು ತೋರಿಸುತ್ತೇನೆ. ಕೆಲವು ತಿಂಗಳ ಹಿಂದೆ ಉಗ್ರಪ್ಪ ಓಬವ್ವನನ್ನು ಕರೆತಂದ. ಕೆಳತುಟಿಯ ಒಳಮೈಯಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ. ಹುಡುಗಿಯ ಕಣ್ಣು ಹೊಳೆಯುತ್ತಿತ್ತು. ನಮ್ಮ ಜಗಲಿಯಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

“ಇದು ಏನೂ ಇಲ್ಲದಿರಬೌದು. ಆದ್ರೂ ರೇವಣಸಿದ್ದಪ್ಪನೋರಿಗೆ ತೋರಿಸ್ಕೊಂಡು ಬಾ,” ಎಂದೆ.

ಉಗ್ರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮನೆಯೋಳೊಬ್ಬಳೇ ಸಾಕು ಅಂತೀಯಾ? ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣಯ್ಯ,” ಎಂದು ಮಗಳ ಕೈ ಹಿಡಿದು ಎಬ್ಬಿಸಿದ.

ದುರ್ಗಕ್ಕೆ ಕರೆದೊಯ್ಯಲಿಲ್ಲ. ಆದರೂ ಓಬವ್ವ ಅಮಾವಾಸ್ಯೆಗೊಮ್ಮೆ ಅಪ್ಪನಿಗೆ ತಿಳಿಯದಂತೆ ಬಂದು ತುಟಿ ಮಗುಚಿ ನಿಲ್ಲುತ್ತಾಳೆ. “ಬೆಳೆದೈತಾ ಮಾವ?” ಎಂದು ಆಸೆಯಿಂದ ಕೇಳುತ್ತಾಳೆ. ನಾನು ಹುಲ್ಲುಕಡ್ಡಿ ಇಟ್ಟು ಅಳೆಯುತ್ತೇನೆ. ಇವತ್ತಿನವರೆಗೆ ಬೆಳೆದಿಲ್ಲ. “ಇಲ್ಲವ್ವ,” ಎನ್ನುತ್ತೇನೆ. ಅವಳು ಮುಖ ಸಪ್ಪಗೆ ಮಾಡಿಕೊಂಡು, ನಾನು ಸುಳ್ಳು ಹೇಳುತ್ತಿದ್ದೇನೆಂದುಕೊಂಡು ಹೋಗುತ್ತಾಳೆ.